ಸಕ್ಕರೆ ಕಾಯಿಲೆಯ ಗುಳಿಗೆ ಮತ್ತು ಹೃದಯ: ಯಾವ ಗುಳಿಗೆ ಏನು ಮಾಡುತ್ತದೆ?

ಸೊಲ್ಲಾಪುರ: ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದ ಸೊಲ್ಲಾಪುರದ ದವಾಖಾನೆಗೆ ಬರುವ ಸಕ್ಕರೆ ಕಾಯಿಲೆಯವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರೊಳಗೆ ರಕ್ತ ತಪಾಸಣೆಯ ಹಳೆಯ ಕಾಗದಗಳು, ಅರ್ಧ ತೀರಿದ ಗುಳಿಗೆಯ ಪಾಕೀಟುಗಳು. ಮನೆಯ ಮಾತು ಕನ್ನಡ, ಡಾಕ್ಟರರ ಪ್ರಶ್ನೆ ಮರಾಠಿ, ಬರೆದುಕೊಡುವ ಚೀಟಿ ಇಂಗ್ಲಿಷ್. ಈ ಮೂರು ಭಾಷೆಗಳ ನಡುವೆ ರೋಗಿಗೆ ಖಚಿತವಾಗಿ ತಿಳಿಯುವುದು ಒಂದೇ, ಸಕ್ಕರೆ ಎಷ್ಟಿದೆ ಎಂಬ ಅಂಕಿ. ಅಂಕಿ ಇಳಿದರೆ ಗುಳಿಗೆ ಒಳ್ಳೆಯದು, ಏರಿದರೆ ಕೆಟ್ಟದ್ದು ಎಂಬುದು ಅವರ ಲೆಕ್ಕ. ವೈದ್ಯಶಾಸ್ತ್ರವೂ ಬಹುಕಾಲ ಇದೇ ಲೆಕ್ಕದ ಮೇಲೆ ನಡೆದಿತ್ತು.

ಆದರೆ ಮಧುಮೇಹಿಗಳ ಪ್ರಾಣಕ್ಕೆ ಎರವಾಗುವ ಕಾರಣಗಳಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗವೇ ಮೊದಲ ಸಾಲಿನಲ್ಲಿದೆ. ಹೀಗಿರುವಾಗ ಸಕ್ಕರೆ ಇಳಿಸುವ ಗುಳಿಗೆ ಹೃದಯವನ್ನೂ ಕಾಯುತ್ತದೆಯೇ, ಅಥವಾ ಒಂದನ್ನು ಇಳಿಸಿ ಇನ್ನೊಂದಕ್ಕೆ ಪೆಟ್ಟು ಕೊಡುತ್ತದೆಯೇ? ಇದಕ್ಕೆ ಎಲ್ಲ ಗುಳಿಗೆಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಕೆಲವು ಗುಳಿಗೆಗಳು ಹೃದಯಕ್ಕೆ ಭಾರವಾಗುತ್ತವೆ, ಕೆಲವು ಏನೂ ಮಾಡುವುದಿಲ್ಲ, ಮತ್ತೆ ಕೆಲವು ನಿಜಕ್ಕೂ ಕಾಪಾಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಬಹುಪಾಲು ಜನ ನುಂಗುವುದು ಗುಳಿಗೆಯನ್ನೇ. ಆದ್ದರಿಂದ ಈ ವ್ಯತ್ಯಾಸ ಸಣ್ಣ ವಿಷಯವಲ್ಲ.

ಆಘಾತ ಬೇರೆ, ವೈಫಲ್ಯ ಬೇರೆ

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯುವುದು ಹೃದಯಾಘಾತ. ಇದು ಗಂಟೆಗಳಲ್ಲಿ ನಡೆಯುವ ಅನಾಹುತ. ಮಧುಮೇಹಿಗಳಲ್ಲಿ ನರಗಳು ಮಂದವಾಗಿರುವುದರಿಂದ ಎದೆನೋವು ಸರಿಯಾಗಿ ಕಾಣಿಸಿಕೊಳ್ಳದೆಯೂ ಹೃದಯಾಘಾತವಾಗಬಹುದು. ಬರೀ ಬೆವರು, ಸುಸ್ತು, ಉಸಿರು ಕಟ್ಟಿದಂತೆ ಅನಿಸುವುದು ಅಥವಾ ಹೊಟ್ಟೆಯ ಮೇಲ್ಭಾಗದ ಸಂಕಟ, ಇಷ್ಟೇ ಇರಬಹುದು. "ಗ್ಯಾಸ್ ಆಗ್ಯಾದ" ಎಂದು ಸೋಡಾ ಕುಡಿದು ಮಲಗುವವರು ಅಪಾಯಕ್ಕೆ ಸಿಲುಕುವುದು ಇಲ್ಲಿಯೇ.

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ಅದು ಬಡಿಯುತ್ತಲೇ ಇರುತ್ತದೆ, ಆದರೆ ಬೇಕಾದಷ್ಟು ಬಲದಿಂದ ರಕ್ತವನ್ನು ತಳ್ಳಲಾರದು ಅಥವಾ ಬಿಗಿದುಕೊಂಡು ಸರಿಯಾಗಿ ತುಂಬಿಕೊಳ್ಳಲಾರದು. ಬಾವಿಯ ಪಂಪು ಸೋತರೆ ನೀರು ಹಿಂದೆ ನಿಲ್ಲುವಂತೆ ದೇಹದಲ್ಲಿ ನೀರು ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಕಾಲು ಊದುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಮಲಗಿದರೆ ದಮ್ಮು ಹತ್ತಿ ಎದ್ದು ಕೂಡಬೇಕಾಗುತ್ತದೆ. ಸಕ್ಕರೆ ಗುಳಿಗೆಗಳ ವಿಷಯದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಏಕೆಂದರೆ ಒಂದೇ ಗುಳಿಗೆ ಆಘಾತದ ಭಯವನ್ನು ಕಡಿಮೆ ಮಾಡಿ ವೈಫಲ್ಯದ ಭಯವನ್ನು ಹೆಚ್ಚಿಸಿದ ಉದಾಹರಣೆಯೂ ಇದೆ.

ಅನುಮಾನ ಹುಟ್ಟಿದ್ದು 1970ರಲ್ಲಿ

ಹಿರಿಯರಿಗೆ ರಾಸ್ಟಿನಾನ್ ಎಂಬ ಹೆಸರು ನೆನಪಿರಬಹುದು. ಅದರೊಳಗಿನ ಔಷಧ ಟಾಲ್ಬ್ಯುಟಮೈಡ್. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಕೂಡಿ 1961ರಲ್ಲಿ ಆರಂಭಿಸಿದ ಒಂದು ದೊಡ್ಡ ಪ್ರಯೋಗದಲ್ಲಿ ಈ ಗುಳಿಗೆ ತೆಗೆದುಕೊಂಡ 204 ಜನರಲ್ಲಿ 26 ಮಂದಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತರು. ಬರೀ ಹುಸಿಗುಳಿಗೆ ತೆಗೆದುಕೊಂಡ 205 ಜನರಲ್ಲಿ ಹಾಗೆ ಸತ್ತವರು 10. ಫಲಿತಾಂಶ 1970ರಲ್ಲಿ ಹೊರಬಿದ್ದಾಗ ಅಂಕಿಯನ್ನೇ ನಂಬಿ ಕುಳಿತಿದ್ದವರಿಗೆ ಅದು ನುಂಗಲಾರದ ತುತ್ತಾಯಿತು. ಪ್ರಯೋಗದ ವಿಧಾನವೇ ತಪ್ಪೆಂದು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 1984ರಲ್ಲಿ ಅಮೆರಿಕ ಸರಕಾರ ಈ ಜಾತಿಯ ಎಲ್ಲ ಗುಳಿಗೆಗಳ ಮೇಲೂ ಹೃದಯದ ಎಚ್ಚರಿಕೆ ಬರೆಸಿತು.

ಅದೇ ಪ್ರಯೋಗದಲ್ಲಿದ್ದ ಇನ್ನೊಂದು ಔಷಧ ಫೆನ್‌ಫಾರ್ಮಿನ್. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿಸಿ ಪ್ರಾಣ ತೆಗೆಯುತ್ತದೆಂದು ಅಮೆರಿಕ ಅದನ್ನು 1977ರಲ್ಲಿ ಪೇಟೆಯಿಂದ ತೆಗೆಯಿತು. ಭಾರತ ನಿಷೇಧಿಸಿದ್ದು 2003ರಲ್ಲಿ. ನಡುವಿನ 26 ವರ್ಷಗಳ ವಿಳಂಬಕ್ಕೆ ಸಮಾಧಾನಕರ ವಿವರಣೆ ಕೊಡುವುದು ಕಷ್ಟ.

ಫೆನ್‌ಫಾರ್ಮಿನ್‌ನ ಸೋದರಿಯಾದ ಮೆಟ್‌ಫಾರ್ಮಿನ್ ಮಾತ್ರ ಒಳ್ಳೆಯ ಹೆಸರು ಗಳಿಸಿತು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೀರ್ಘ ಅಧ್ಯಯನದಲ್ಲಿ ತೂಕ ಹೆಚ್ಚಿದ್ದ ಮಧುಮೇಹಿಗಳಿಗೆ ಇದನ್ನು ಕೊಟ್ಟಾಗ, ಬರೀ ಪಥ್ಯದಲ್ಲಿದ್ದವರಿಗಿಂತ ಹೃದಯಾಘಾತ ಶೇ. 39ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ತೆಗೆದುಕೊಂಡವರ ಸಂಖ್ಯೆ ಚಿಕ್ಕದು, 342 ಮಾತ್ರ. ಆದರೂ ಇಷ್ಟು ವರ್ಷ ಬಳಸಿದ ಮೇಲೆ ಇದು ಹೃದಯಕ್ಕೆ ಕೇಡು ಮಾಡುತ್ತದೆಂಬ ಪುರಾವೆ ಸಿಕ್ಕಿಲ್ಲ. ಬೆಲೆಯೂ ಕಡಿಮೆ. ಮೂತ್ರಪಿಂಡ ತೀರಾ ಸೋತವರಿಗೆ ಮಾತ್ರ ಇದು ಸಲ್ಲದು.

ಒಂದು ಗುಳಿಗೆ ಹೋಯಿತು, ಇನ್ನೊಂದು ಹೋಗಿ ಬಂತು

ಮುಂದಿನ ದೊಡ್ಡ ಗದ್ದಲ ರೋಸಿಗ್ಲಿಟಜೋನ್‌ನದು. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ಭಾರತದಲ್ಲೂ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿತ್ತು. 2007ರ ಮೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನ ಹೃದಯತಜ್ಞ ಸ್ಟೀವನ್ ನಿಸೆನ್ ಮತ್ತು ಸಹೋದ್ಯೋಗಿ ಕ್ಯಾಥಿ ವೋಲ್ಸ್ಕಿ 42 ಪ್ರಯೋಗಗಳ ಲೆಕ್ಕವನ್ನು ಒಟ್ಟುಗೂಡಿಸಿ, ಇದನ್ನು ತೆಗೆದುಕೊಂಡವರಲ್ಲಿ ಹೃದಯಾಘಾತದ ಸಂಭವ ಶೇ. 43ರಷ್ಟು ಹೆಚ್ಚು ಎಂದು ತೋರಿಸಿದರು. 2010ರಲ್ಲಿ ಯುರೋಪ್ ಇದನ್ನು ಪೇಟೆಯಿಂದ ಹಿಂತೆಗೆಯಿತು, ಅಮೆರಿಕ ಬಿಗಿ ನಿರ್ಬಂಧ ಹಾಕಿತು, ಅದೇ ವರ್ಷ ಭಾರತವೂ ನಿಷೇಧಿಸಿತು. ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶವನ್ನು ಮರುಪರಿಶೀಲಿಸಿದಾಗ ಹೃದಯಾಘಾತ ಹೆಚ್ಚಾದದ್ದು ಕಾಣಲಿಲ್ಲವೆಂದು ಅಮೆರಿಕ 2013ರಲ್ಲಿ ನಿರ್ಬಂಧವನ್ನು ಸಡಿಲಿಸಿತು ಎಂಬುದನ್ನೂ ಹೇಳಬೇಕು. ಆದರೆ ಅಷ್ಟರಲ್ಲಿ ಔಷಧದ ಕಾಲ ಮುಗಿದಿತ್ತು. ಅದು ಬಿಟ್ಟುಹೋದ ಒಳ್ಳೆಯ ಫಲ ಒಂದಿದೆ. 2008ರ ಡಿಸೆಂಬರಿನಿಂದ ಅಮೆರಿಕದಲ್ಲಿ ಹೊಸ ಸಕ್ಕರೆ ಔಷಧ ತರುವ ಕಂಪನಿ, ಅದು ಹೃದಯಕ್ಕೆ ಅಪಾಯ ಹೆಚ್ಚಿಸುವುದಿಲ್ಲ ಎಂದು ತೋರಿಸಬೇಕಾಯಿತು. ಇಂದು ನಮಗೆ ತಿಳಿದಿರುವ ಬಹುಪಾಲು ಸಂಗತಿ ಆ ಕಡ್ಡಾಯದ ಪ್ರಯೋಗಗಳಿಂದಲೇ ಬಂದದ್ದು.

ನಮ್ಮ ಭಾಗದ ರೋಗಿಗಳಿಗೆ ಹೆಚ್ಚು ಸಂಬಂಧಿಸಿದ್ದು ಅದರ ಸೋದರ ಪಯೊಗ್ಲಿಟಜೋನ್. ಇದು ಅಗ್ಗ, ಸಣ್ಣ ಪ್ರಮಾಣದಲ್ಲೂ ಕೆಲಸ ಮಾಡುತ್ತದೆ. ಆದ್ದರಿಂದ ಭಾರತದಲ್ಲಿ ಇದರ ಬಳಕೆ ವ್ಯಾಪಕ. ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ ಕೇಂದ್ರ ಸರಕಾರ 2013ರ ಜೂನ್ ತಿಂಗಳಲ್ಲಿ ಇದರ ಮಾರಾಟವನ್ನು ತಡೆಹಿಡಿಯಿತು. ವೈದ್ಯರಿಂದ ಆಕ್ಷೇಪ ಬಂದು, ಜುಲೈ 31ರಂದು ತಡೆ ತೆರವಾಯಿತು. ಪಾಕೀಟಿನ ಮೇಲೆ ಎಚ್ಚರಿಕೆ ಬರೆಯಬೇಕೆಂಬ ಷರತ್ತು ಬಂತು. ಆರು ವಾರಗಳ ಆ ಚರ್ಚೆಯೆಲ್ಲ ಕ್ಯಾನ್ಸರಿನ ಸುತ್ತಲೇ ಸುತ್ತಿತು, ಹೃದಯದ ಮಾತು ಹಿಂದೆ ಉಳಿಯಿತು. ದಿನನಿತ್ಯದಲ್ಲಿ ರೋಗಿಗೆ ಎದುರಾಗುವ ತೊಂದರೆ ಮಾತ್ರ ಆ ಎರಡನೆಯದೇ.

ಪಯೊಗ್ಲಿಟಜೋನ್ ಮೂತ್ರಪಿಂಡದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ. ಗಟ್ಟಿ ಹೃದಯದವರಿಗೆ ಇದರಿಂದ ಸ್ವಲ್ಪ ತೂಕ ಹೆಚ್ಚಾಗಬಹುದು, ಪಾದ ಊದಬಹುದು. ಹೃದಯ ಮೊದಲೇ ಸೋತಿದ್ದರೆ ಈ ಹೆಚ್ಚಿನ ನೀರು ವೈಫಲ್ಯಕ್ಕೆ ತಳ್ಳುತ್ತದೆ. ಇನ್ಸುಲಿನ್ ಜೊತೆಗೆ ಕೊಟ್ಟಾಗ ಊತ ಇನ್ನೂ ಹೆಚ್ಚು. 2007ರಲ್ಲಿಯೇ ಅಮೆರಿಕದಲ್ಲಿ ಇದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂದಿದೆ. ಇನ್ನೊಂದು ಮಗ್ಗುಲೂ ಉಂಟು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಮ್ಮೆ ಪಾರ್ಶ್ವವಾಯು ಹೊಡೆದಿದ್ದ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಜನರಿಗೆ ಇದನ್ನು ಕೊಟ್ಟಾಗ ಮತ್ತೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗುವುದು ಸುಮಾರು ಕಾಲುಭಾಗ ಕಡಿಮೆಯಾಯಿತು. ನಾಳಕ್ಕೆ ಒಳ್ಳೆಯದು, ಪಂಪಿಗೆ ಭಾರ. ಮೇಲೆ ಹೇಳಿದ ಉದಾಹರಣೆ ಇದೇ.

ಸೊಲ್ಲಾಪುರದ ಚಾದರು, ಟಾವೆಲ್ ಕಾರಖಾನೆಗಳಲ್ಲಿ ಮಗ್ಗದ ಮುಂದೆ ಪಾಳಿ ಪೂರ್ತಿ ನಿಲ್ಲುವವರಿಗೂ, ದಿನವಿಡೀ ಕಾಲು ಮಡಚಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೂ ಕಾಲು ಊದುವುದು ಹೊಸದಲ್ಲ. "ನಿಂತು ನಿಂತು ಬಂದದ್ದು" ಎಂದು ಅದನ್ನು ಯಾರೂ ಡಾಕ್ಟರರಿಗೆ ಹೇಳುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಗುಳಿಗೆಯಿಂದಲೂ ಪಾದ ಊದುತ್ತದೆ, ಅದು ಹೃದಯದ ದೋಷವಲ್ಲ. ಹಾಗಾದರೆ ಗುರುತಿಸುವುದು ಹೇಗೆ? ತೂಕ ನೋಡಬೇಕು. ಕೆಲವೇ ದಿನಗಳಲ್ಲಿ ಎರಡು ಮೂರು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಜೊತೆಗೆ ಏದುಸಿರು ಇದ್ದರೆ, ಮಲಗಲು ಎರಡು ತಲೆದಿಂಬು ಬೇಕಾದರೆ, ಮುಂದಿನ ತಿಂಗಳ ತಪಾಸಣೆಯವರೆಗೆ ಕಾಯದೆ ಅದೇ ದಿನ ಡಾಕ್ಟರರಿಗೆ ತೋರಿಸಬೇಕು. ಕಡಕ್ ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಉಪ್ಪಿನಕಾಯಿ ನಮ್ಮ ಊಟದ ರೂಢಿ. ಈ ಗುಳಿಗೆಯಲ್ಲಿರುವವರಿಗೆ ಅದರ ಉಪ್ಪು ಲೆಕ್ಕಕ್ಕೆ ಬರುತ್ತದೆ.

ತೊಡಕು ಇನ್ನೊಂದಿದೆ. ತಾನು ಪಯೊಗ್ಲಿಟಜೋನ್ ತೆಗೆದುಕೊಳ್ಳುತ್ತಿದ್ದೇನೆ ಎಂಬುದೇ ಎಷ್ಟೋ ರೋಗಿಗಳಿಗೆ ತಿಳಿದಿರುವುದಿಲ್ಲ. ನಮ್ಮಲ್ಲಿ ಎರಡು ಮೂರು ಔಷಧಗಳನ್ನು ಕೂಡಿಸಿ ಒಂದೇ ಗುಳಿಗೆ ಮಾಡುವ ರೂಢಿ ಹೆಚ್ಚು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮತ್ತು ಪಯೊಗ್ಲಿಟಜೋನ್ ಮೂರೂ ಸೇರಿದ ಗುಳಿಗೆಗೆ ಕಂಪನಿಯ ಹೆಸರಿನ ಕೊನೆಯಲ್ಲಿ ಒಂದೆರಡು ಅಕ್ಷರ ಮಾತ್ರ ಹೆಚ್ಚಿರುತ್ತದೆ. 2016ರ ಮಾರ್ಚ್‌ನಲ್ಲಿ ಸರಕಾರ ನಿಷೇಧಿಸಿದ 344 ಕೂಡುಗುಳಿಗೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯವೂ ಇದ್ದವು. ನ್ಯಾಯಾಲಯದ ಹಾದಿ ಹಿಡಿದ ಆ ಪ್ರಕರಣ 2018ರಲ್ಲಿ ಮತ್ತೊಂದು ನಿಷೇಧದವರೆಗೆ ಎಳೆಯಿತು. ಆದರೂ ಒಪ್ಪಿಗೆ ಪಡೆದ ಕೂಡುಗುಳಿಗೆಗಳು ಮೆಡಿಕಲ್ ಅಂಗಡಿಗಳಲ್ಲಿ ಈಗಲೂ ಇವೆ. ಪಾಕೀಟಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮೂಲ ಔಷಧದ ಹೆಸರು ಬರೆದಿರುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನಿಂದ ಅದನ್ನೊಮ್ಮೆ ಓದಿಸಿ, ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಸಾಕು.

ಉಪವಾಸದ ದಿನ ಜೋಕೆ

ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಇವೆಲ್ಲ ಆ ಹಳೆಯ ಟಾಲ್ಬ್ಯುಟಮೈಡ್‌ನ ವಂಶದವು. ಮೇದೋಜೀರಕ ಗ್ರಂಥಿಯನ್ನು ಚುಚ್ಚಿ ಇನ್ಸುಲಿನ್ ಹೊರಡಿಸುವುದು ಇವುಗಳ ಕೆಲಸ. ಇವು ಹಿಡಿಯುವ ಬಾಗಿಲಿನಂಥದೇ ಬಾಗಿಲು ಹೃದಯದ ಜೀವಕೋಶಗಳಲ್ಲೂ ಇರುವುದರಿಂದ ಅನುಮಾನ ಬಹುಕಾಲ ಉಳಿಯಿತು. ಗ್ಲಿಬೆನ್‌ಕ್ಲಮೈಡ್ ಆ ಬಾಗಿಲನ್ನೂ ಹಿಡಿಯುತ್ತದೆ, ಗ್ಲಿಕ್ಲಜೈಡ್ ಬಹುಮಟ್ಟಿಗೆ ಬಿಡುತ್ತದೆ. ಗ್ಲಿಮೆಪಿರೈಡ್ ಬಗ್ಗೆ 2019ರ ಒಂದು ದೊಡ್ಡ ಪ್ರಯೋಗ ಸಮಾಧಾನ ತಂದಿತು. ಲಿನಾಗ್ಲಿಪ್ಟಿನ್ ಎಂಬ ಹೊಸ ಔಷಧದ ಎದುರಿಗಿಟ್ಟು ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯರೋಗದ ಸಾವುಗಳಲ್ಲಿ ಹೆಚ್ಚಳವಾಗಲಿಲ್ಲ. ಆದರೆ ಸಕ್ಕರೆ ಅತಿಯಾಗಿ ಇಳಿಯುವ ತೊಂದರೆ ಗ್ಲಿಮೆಪಿರೈಡ್ ಗುಂಪಿನಲ್ಲಿ ನೂರಕ್ಕೆ ಸುಮಾರು 38 ಜನರಿಗೆ ಬಂದರೆ, ಇನ್ನೊಂದರಲ್ಲಿ 11 ಜನರಿಗೆ ಬಂತು.

ಹೃದಯಕ್ಕೆ ಈ ವಂಶದಿಂದ ಬರುವ ನಿಜವಾದ ಭಯ ಈ ಇಳಿತವೇ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಬೆವರು ಇಳಿಯುತ್ತದೆ. ನಾಳ ಮೊದಲೇ ಕಿರಿದಾಗಿರುವವರಿಗೆ ಆಗ ಎದೆನೋವು ಬರಬಹುದು, ಹೃದಯದ ಬಡಿತವೇ ತಪ್ಪಬಹುದು. ಆಷಾಢಿ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವವರು, ಶ್ರಾವಣ ಸೋಮವಾರ ಹಿಡಿಯುವವರು, ರಂಜಾನ್ ತಿಂಗಳ ರೋಜಾ ಇರುವವರು ಈ ಗುಳಿಗೆಯನ್ನು ಎಂದಿನಂತೆ ನುಂಗಿ ಊಟ ಬಿಟ್ಟರೆ ಅಪಾಯವನ್ನು ತಾವೇ ಕರೆದಂತೆ. ಉಪವಾಸಕ್ಕೆ ಮುಂಚೆಯೇ ಡಾಕ್ಟರರನ್ನು ಕೇಳಿ ಪ್ರಮಾಣವನ್ನೂ ವೇಳೆಯನ್ನೂ ಬದಲಿಸಿಕೊಳ್ಳಬೇಕು. ಹೃದ್ರೋಗಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಗುಳಿಗೆಗಳು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಹಾಕುತ್ತವೆ. ಅಂಥವರಿಗೆ ಬೆವರು ಮಾತ್ರ ಸೂಚನೆಯಾಗಿ ಉಳಿಯುತ್ತದೆ. ತಕ್ಷಣ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಮೂತ್ರಪಿಂಡ ಸೋತಿರುವ ಮುದುಕರಲ್ಲಿ ಗ್ಲಿಬೆನ್‌ಕ್ಲಮೈಡ್ ಗಂಟೆಗಟ್ಟಲೆ ದೇಹದಲ್ಲಿ ನಿಲ್ಲುತ್ತದೆ. ಒಮ್ಮೆ ಚೇತರಿಸಿಕೊಂಡರೂ ಸಕ್ಕರೆ ಮತ್ತೆ ಇಳಿಯಬಹುದು.

ಸಕ್ಕರೆಯನ್ನು ಹಠ ಹಿಡಿದು ಇಳಿಸುವುದೂ ಒಳ್ಳೆಯದಲ್ಲ ಎಂಬುದು 2008ರಲ್ಲಿ ತಿಳಿಯಿತು. ಅಮೆರಿಕ ಮತ್ತು ಕೆನಡಾದ 10,251 ರೋಗಿಗಳ ಪ್ರಯೋಗದಲ್ಲಿ ಮೂರು ತಿಂಗಳ ಸರಾಸರಿಯನ್ನು 6ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಾದವು. ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಹುಪಾಲು ಜನರಿಗೆ 7ರ ಆಸುಪಾಸು ಸಾಕು. ವಯಸ್ಸಾದವರಿಗೆ, ಹೃದಯರೋಗ ಇರುವವರಿಗೆ ಡಾಕ್ಟರರು ಇನ್ನೂ ಸ್ವಲ್ಪ ಸಡಿಲ ಬಿಟ್ಟರೆ ಅದು ಉದಾಸೀನವಲ್ಲ.

ಗ್ಲಿಪ್ಟಿನ್ ಮತ್ತು ಗ್ಲಿಫ್ಲೋಜಿನ್

ಹೆಸರಿನ ಕೊನೆಯಲ್ಲಿ 'ಗ್ಲಿಪ್ಟಿನ್' ಎಂದಿರುವ ಗುಳಿಗೆಗಳು ಹೃದಯದ ಮಟ್ಟಿಗೆ ಹೆಚ್ಚುಕಡಿಮೆ ತಟಸ್ಥ. ಅಪವಾದ ಸ್ಯಾಕ್ಸಾಗ್ಲಿಪ್ಟಿನ್. 2013ರ ಪ್ರಯೋಗದಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಶೇ. 3.5 ಜನ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದರು, ತೆಗೆದುಕೊಳ್ಳದವರಲ್ಲಿ ಶೇ. 2.8. ಸಿಟಾಗ್ಲಿಪ್ಟಿನ್‌ನಲ್ಲಿ ಇಂಥ ದೋಷ 2015ರ ಪ್ರಯೋಗದಲ್ಲಿ ಕಾಣಲಿಲ್ಲ. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಜನೌಷಧಿ ಕೇಂದ್ರಗಳಲ್ಲಿಯೂ ಅಗ್ಗವಾಗಿ ಬಂತು.

'ಗ್ಲಿಫ್ಲೋಜಿನ್' ಗುಂಪಿನ ಕಥೆಯೇ ಬೇರೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಆದ್ದರಿಂದ ಮೂತ್ರ ತಪಾಸಣೆಯಲ್ಲಿ ಸಕ್ಕರೆ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಗುಳಿಗೆ ಕೆಲಸ ಮಾಡುತ್ತಿರುವ ಗುರುತು. ಅಪಾಯ ಇಲ್ಲವೆಂದು ತೋರಿಸಲು ನಡೆಸಿದ ಪ್ರಯೋಗ ಇಲ್ಲಿ ಯಾರೂ ನಿರೀಕ್ಷಿಸದ ಫಲ ಕೊಟ್ಟಿತು. ಹೃದಯರೋಗವಿದ್ದ 7,020 ಮಧುಮೇಹಿಗಳಲ್ಲಿ ಎಂಪಾಗ್ಲಿಫ್ಲೋಜಿನ್ ಪಡೆದವರಿಗೆ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾವು ಶೇ. 38ರಷ್ಟು, ವೈಫಲ್ಯದಿಂದ ಆಸ್ಪತ್ರೆ ಸೇರುವುದು ಶೇ. 35ರಷ್ಟು ಕಡಿಮೆ ಎಂದು 2015ರಲ್ಲಿ ಗೊತ್ತಾಯಿತು. 2019ರಲ್ಲಿ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯೇ ಇಲ್ಲದ ಹೃದಯ ವೈಫಲ್ಯದವರಿಗೂ ಉಪಯುಕ್ತವೆಂದು ತಿಳಿಯಿತು. ಹೃದಯ ವೈಫಲ್ಯ ಇರುವ ಮಧುಮೇಹಿಗೆ ಇಂದು ಮೊದಲು ಯೋಚಿಸುವ ಗುಳಿಗೆ ಇದೇ ಗುಂಪಿನದು. ಬಡವರ ಕೈಗೆ ಎಟುಕದಿದ್ದ ಬೆಲೆಯೂ ಈಗ ಇಳಿದಿದೆ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿಯಿತು. ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ ಮುಗಿದು, ಗುಳಿಗೆಗೆ 60 ರೂಪಾಯಿ ಆಸುಪಾಸಿನಲ್ಲಿದ್ದದ್ದು ಹತ್ತರ ಸುತ್ತಮುತ್ತ ಸಿಗತೊಡಗಿತು.

ಆದರೆ ಸೊಲ್ಲಾಪುರದ ಬೇಸಿಗೆಯನ್ನು ಮರೆಯುವಂತಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವ ಊರಿನಲ್ಲಿ, ತಗಡಿನ ಛಾವಣಿಯ ಕೆಳಗೆ ಬೆವರು ಸುರಿಸಿ ದುಡಿಯುವವರಿಗೆ ಈ ಗುಳಿಗೆ ಮೂತ್ರವನ್ನೂ ಹೆಚ್ಚಿಸುತ್ತದೆ. ಜೊತೆಗೆ ನೀರಿಳಿಸುವ ಗುಳಿಗೆಯೂ ಇದ್ದರೆ ತಲೆಸುತ್ತಿ ಬೀಳಬಹುದು. ಗುಪ್ತಾಂಗದಲ್ಲಿ ತುರಿಕೆ ಸಾಮಾನ್ಯ. ಹೆಣ್ಣುಮಕ್ಕಳು ನಾಚಿಕೆಯಿಂದ ಹೇಳದೆ ಗುಳಿಗೆಯನ್ನೇ ಬಿಡುವುದುಂಟು, ಸ್ವಚ್ಛತೆ ಮತ್ತು ಸಣ್ಣ ಔಷಧದಿಂದ ಅದು ವಾಸಿಯಾಗುತ್ತದೆ. ವಾಂತಿ ಭೇದಿ ಹಿಡಿದಾಗ, ಊಟವನ್ನೇ ಬಿಟ್ಟಾಗ, ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ಡಾಕ್ಟರರನ್ನು ಕೇಳಿ ಇದನ್ನು ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಸೇರುವ ಅಪರೂಪದ, ಆದರೆ ಗಂಡಾಂತರದ ಸ್ಥಿತಿ ಬರಬಹುದು.

ಇದನ್ನೆಲ್ಲ ಓದಿ ಯಾರೂ ತಾವಾಗಿಯೇ ಗುಳಿಗೆ ಬಿಡಬಾರದು, ಮೆಡಿಕಲ್ ಅಂಗಡಿಯವರ ಮಾತಿಗೆ ಬದಲಿಸಲೂ ಬಾರದು. ಬಿಟ್ಟ ಮರುವಾರ ಸಕ್ಕರೆ ಏರುವುದು ಖಚಿತ. ಡಾಕ್ಟರರಿಗೆ ಹೇಳಬೇಕಾದದ್ದು ಇಷ್ಟು: ಹಿಂದೆ ಹೃದಯಾಘಾತ ಆಗಿದೆಯೇ, ಕಾಲು ಊದುತ್ತದೆಯೇ, ಸಕ್ಕರೆ ಇಳಿದು ಬೆವರು ಬಂದದ್ದುಂಟೇ, ಮೂತ್ರಪಿಂಡದ ತಪಾಸಣೆ ಯಾವಾಗ ಆಯಿತು. ಒತ್ತಡದ ಮತ್ತು ಕೊಲೆಸ್ಟರಾಲಿನ ಗುಳಿಗೆ, ತಂಬಾಕು ಬಿಡುವುದು, ಇವುಗಳಿಂದ ಹೃದಯಕ್ಕೆ ಸಿಗುವ ರಕ್ಷಣೆ ಯಾವ ಸಕ್ಕರೆ ಗುಳಿಗೆಗೂ ಕಡಿಮೆಯಿಲ್ಲ. ಹಲ್ಲಿಗೆ ಮಿಶ್ರಿ ತಿಕ್ಕುವುದೂ ತಂಬಾಕೇ. ಸೊಲ್ಲಾಪುರದ ಸರಕಾರಿ ಆಸ್ಪತ್ರೆಯಲ್ಲಿ, ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯದಲ್ಲಿ ಈ ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಲು ಕಷ್ಟವಾದರೆ ಮೊದಲೇ ಕಾಗದದ ಮೇಲೆ ಬರೆಸಿಕೊಂಡು ಹೋಗಬಹುದು.

ಗಡಿಯ ಊರುಗಳಲ್ಲಿ ಒಂದು ಎಡವಟ್ಟು ಪದೇಪದೇ ಆಗುತ್ತದೆ. ಸಕ್ಕರೆಗೆ ಸೊಲ್ಲಾಪುರದ ಡಾಕ್ಟರು, ಹೃದಯಕ್ಕೆ ಕಲಬುರಗಿಯ ಜಯದೇವ ಆಸ್ಪತ್ರೆ ಅಥವಾ ವಿಜಯಪುರದ ಡಾಕ್ಟರು. ಒಬ್ಬರ ಚೀಟಿ ಇನ್ನೊಬ್ಬರ ಕೈಸೇರುವುದಿಲ್ಲ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಗ್ಲಿಮೆಪಿರೈಡನ್ನು ಬೆಳಿಗ್ಗೆ ಎರಡು ಬಾರಿ ನುಂಗುವ ಸಂಭವ ಇಲ್ಲಿದೆ. ಆಂಜಿಯೋಗ್ರಫಿಗೆ ಹಾಕುವ ಬಣ್ಣದ ಔಷಧ ಮೂತ್ರಪಿಂಡ ಸೋತವರಿಗೆ ತೊಂದರೆ ಕೊಡುವುದರಿಂದ, ಅಂಥವರು ಮೆಟ್‌ಫಾರ್ಮಿನ್ ನಿಲ್ಲಿಸಿ, ಎರಡು ದಿನದ ನಂತರ ತಪಾಸಣೆ ಮಾಡಿಸಿ ಮತ್ತೆ ಆರಂಭಿಸಬೇಕಾಗುತ್ತದೆ. ಆ ಪ್ಲಾಸ್ಟಿಕ್ ಚೀಲವನ್ನು, ಖಾಲಿ ಪಾಕೀಟುಗಳ ಸಮೇತ, ಗಡಿಯ ಆಚೆಗೂ ಒಯ್ಯಬೇಕು. ಪಾಕೀಟನ್ನು ಕತ್ತರಿಸುವಾಗ ಔಷಧದ ಹೆಸರಿರುವ ತುದಿಯನ್ನು ಉಳಿಸಿಕೊಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಬೇಕು.